ಎರಡನೆಯ ವೋಟು

ಶಿಕ್ಷಕರ ಕೊಠಡಿಯಲ್ಲಿ ಊಟದ ಡಬ್ಬಿ ತೆರೆದ ಮೇಲೆ ಯಾವ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಹೇಳುವುದು ಕಷ್ಟ. ಗ್ಯಾಸಿನ ಬೆಲೆಯಿಂದ ಶುರುವಾದದ್ದು ಯಾರದೋ ಮಗಳ ಮದುವೆಗೆ ಹೊರಳಿ, ಅಲ್ಲಿಂದ ಸರ್ಕಾರದ ಕಡೆಗೆ ತಿರುಗಿ, ಗಂಟೆ ಹೊಡೆಯುವ ಹೊತ್ತಿಗೆ ದೇಶದ ಭವಿಷ್ಯವೇ ತೀರ್ಮಾನವಾಗಿರುತ್ತದೆ. 2022ರ ಜುಲೈ ತಿಂಗಳಲ್ಲಿ ನಮ್ಮ ಕೊಠಡಿಯಲ್ಲಿ ರಾಷ್ಟ್ರಪತಿ ಚುನಾವಣೆ ನಡೆಯಿತು. ನಿಜವಾದ ಮತದಾನ ನಡೆದದ್ದು ದೆಹಲಿಯ ಸಂಸತ್ ಭವನದಲ್ಲಿ, ನಮ್ಮ ವಿಧಾನಸೌಧದಲ್ಲಿ, ಬೇರೆ ರಾಜ್ಯಗಳ ವಿಧಾನಸಭೆಗಳಲ್ಲಿ. ಆದರೆ ಅಲ್ಲೆಲ್ಲೂ ನಮ್ಮಲ್ಲಿ ನಡೆದಷ್ಟು ಬಿಸಿಯಾಗಿ ನಡೆದಿರಲಾರದು.

ಗಣಿತದ ಮೇಡಂ ದ್ರೌಪದಿ ಮುರ್ಮು ಅವರ ಪರ. ‘ನಮ್ಮ ಹಾಗೆಯೇ ಶಾಲೆಯಲ್ಲಿ ಪಾಠ ಮಾಡಿದವರು ಕಣ್ರೀ. ಬುಡಕಟ್ಟಿನ ಹೆಣ್ಣುಮಗಳೊಬ್ಬಳು ಆ ಕುರ್ಚಿಯಲ್ಲಿ ಕೂರುವುದನ್ನು ನೋಡಬೇಡವೇ?’ ಎಂದರು. ಹಿಂದಿ ಮೇಡಂ ಯಶವಂತ ಸಿನ್ಹಾ ಪರ. ‘ಕುರ್ಚಿಯಲ್ಲಿ ಯಾರು ಕೂತರು ಅನ್ನುವುದಕ್ಕಿಂತ, ಕೂತವರು ಸರ್ಕಾರಕ್ಕೆ ಎದುರಾಗಿ ಒಂದು ಮಾತು ಆಡಬಲ್ಲರಾ ಅನ್ನುವುದು ಮುಖ್ಯ’ ಎಂದರು. ಇಬ್ಬರೂ ಇಪ್ಪತ್ತು ವರ್ಷದ ಗೆಳತಿಯರು. ಒಬ್ಬರ ಡಬ್ಬಿಯ ಪಲ್ಯ ಇನ್ನೊಬ್ಬರ ತಟ್ಟೆಗೆ ಹೋಗದ ದಿನವಿಲ್ಲ. ಅಂದು ಮಾತಿಗೆ ಮಾತು ಬೆಳೆದು, ಮಾರನೆಯ ದಿನ ಹಿಂದಿ ಮೇಡಂ ಡಬ್ಬಿ ತೆಗೆದುಕೊಂಡು ಗ್ರಂಥಾಲಯಕ್ಕೆ ಹೋಗಿ ಊಟ ಮಾಡಿದರು.

ಸೋಜಿಗವೆಂದರೆ, ಆ ಚುನಾವಣೆಯಲ್ಲಿ ನಮ್ಮಲ್ಲಿ ಯಾರಿಗೂ ಮತವಿಲ್ಲ. ರಾಷ್ಟ್ರಪತಿಯನ್ನು ಆರಿಸುವವರು ಚುನಾಯಿತ ಸಂಸದರು ಮತ್ತು ಶಾಸಕರು. ಒಂಬತ್ತನೆಯ ತರಗತಿಗೆ ವರ್ಷವರ್ಷವೂ ಇದನ್ನು ಪಾಠ ಮಾಡುವವಳು ನಾನೇ. ಆದರೂ ಖಾಲಿಯಾಗಿ ಉಳಿದ ಆ ಕುರ್ಚಿಯನ್ನು ನೋಡುತ್ತಾ ನನಗೆ ನಗು ಬರಲಿಲ್ಲ. ಇದೇ ಜಗಳ ನಮ್ಮ ಮನೆಯ ಜಗಲಿಯ ಮೇಲೆ 1969ರಲ್ಲಿ ನಡೆದಿತ್ತು. ಆಗಲೂ ಜಗಳವಾಡಿದವರಿಗೆ ಮತವಿರಲಿಲ್ಲ. ಅದು ಎಂಟು ವರ್ಷ ನಡೆಯಿತು.

ನಮ್ಮೂರು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ. ಶೇಂಗಾ, ಎಣ್ಣೆ ಗಿರಣಿ ಮತ್ತು ಕಂಬಳಿಗಳ ಊರು. ಅಪ್ಪ ಪ್ರಾಥಮಿಕ ಶಾಲೆಯ ಮೇಷ್ಟ್ರು. ಅವರ ಬಾಲ್ಯದ ಗೆಳೆಯರೊಬ್ಬರು ಮೂರು ಮನೆಯಾಚೆ ಇದ್ದರು. ಕಂಬಳಿ ನೇಯಿಸಿ ಸಂತೆಗೆ ಒಯ್ದು ಮಾರುತ್ತಿದ್ದರಿಂದ ನಾವು ಮಕ್ಕಳೆಲ್ಲ ಅವರನ್ನು ಕರೆದದ್ದು ಕಂಬಳಿ ಮಾಮ ಎಂದೇ. ಬೀದಿಯಲ್ಲಿ ಇದ್ದ ಒಂದೇ ಟ್ರಾನ್ಸಿಸ್ಟರು ಅವರದು. ಸಂಜೆ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಜಗಲಿಗೆ ಬರುವುದು, ಅಪ್ಪ ಪತ್ರಿಕೆ ಓದಿ ಹೇಳುವುದು, ಅಮ್ಮ ಒಳಗಿನಿಂದ ಕಾಫಿ ಕಳಿಸುವುದು, ಇದು ನಿತ್ಯದ ಕ್ರಮ. ನಾನು ಹುಟ್ಟಿದ್ದು 1970ರ ಜನವರಿಯಲ್ಲಿ. ಆದ್ದರಿಂದ ಆ ಸಂಜೆಗಳನ್ನು ನಾನು ಕಂಡವಳಲ್ಲ. ಅಮ್ಮ ಹೇಳಿದ್ದು, ಆಮೇಲೆ ಅಪ್ಪ ತಾವೇ ಅಷ್ಟಿಷ್ಟು ಹೇಳಿದ್ದು ಸೇರಿ ನನ್ನ ಮನಸ್ಸಿನಲ್ಲಿ ಒಂದು ಚಿತ್ರವಾಗಿದೆ.

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಅಧಿಕಾರದಲ್ಲಿದ್ದಾಗಲೇ ತೀರಿಕೊಂಡ ಮೊದಲ ರಾಷ್ಟ್ರಪತಿ ಅವರು. ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿಯಾಗಿ ಆ ಸ್ಥಾನಕ್ಕೆ ಬಂದರು. ಮುಂದಿನ ರಾಷ್ಟ್ರಪತಿ ಯಾರೆಂಬುದನ್ನು ಮಾಮೂಲಿನಂತೆ ಆಳುವ ಕಾಂಗ್ರೆಸ್ ಪಕ್ಷ ನಿರ್ಧರಿಸಬೇಕಾಗಿತ್ತು. ಆ ನಿರ್ಧಾರ ಆದದ್ದು ನಮ್ಮ ಬೆಂಗಳೂರಿನಲ್ಲಿ. ಜುಲೈ ಎರಡನೆಯ ವಾರ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ ಸೇರಿತು. ಪಕ್ಷದ ಅಧ್ಯಕ್ಷರು ನಮ್ಮ ಜಿಲ್ಲೆಯವರೇ ಆಗಿಹೋಗಿದ್ದ ಎಸ್. ನಿಜಲಿಂಗಪ್ಪನವರು. ಪ್ರಧಾನಿ ಇಂದಿರಾ ಗಾಂಧಿಯವರ ಮನಸ್ಸಿನಲ್ಲಿದ್ದವರು ಜಗಜೀವನ ರಾಂ. ಪಕ್ಷದ ಹಿರಿಯರು ಒಪ್ಪಲಿಲ್ಲ. ಸಂಸದೀಯ ಮಂಡಳಿಯ ಸಭೆಯಲ್ಲಿ ಬಹುಮತದಿಂದ ಲೋಕಸಭೆಯ ಸ್ಪೀಕರ್ ನೀಲಂ ಸಂಜೀವ ರೆಡ್ಡಿಯವರ ಹೆಸರು ತೀರ್ಮಾನವಾಯಿತು.

ಅಲ್ಲಿಂದ ಮುಂದಿನ ಹತ್ತು ದಿನ ನಡೆದದ್ದನ್ನು ಮಕ್ಕಳಿಗೆ ಹೇಳುವಾಗ ನನಗೇ ಉಸಿರು ಕಟ್ಟುತ್ತದೆ. ಜುಲೈ 16ಕ್ಕೆ ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆಯನ್ನು ಪ್ರಧಾನಿ ತೆಗೆದುಕೊಂಡರು. 19ಕ್ಕೆ ಸುಗ್ರೀವಾಜ್ಞೆಯ ಮೂಲಕ 14 ದೊಡ್ಡ ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಅದಕ್ಕೆ ಸಹಿ ಹಾಕಿದವರು ಗಿರಿ. ಮಾರನೆಯ ದಿನ ಗಿರಿಯವರು ರಾಜೀನಾಮೆ ಕೊಟ್ಟು, ತಾವೇ ಸ್ವತಂತ್ರ ಅಭ್ಯರ್ಥಿಯಾಗಿ ರಾಷ್ಟ್ರಪತಿ ಚುನಾವಣೆಗೆ ನಿಂತರು. ರಾಷ್ಟ್ರಪತಿಯೂ ಇಲ್ಲ, ಉಪರಾಷ್ಟ್ರಪತಿಯೂ ಇಲ್ಲ ಎಂಬಂತಾಗಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರು ಆ ಕೆಲಸ ನೋಡಿಕೊಳ್ಳಬೇಕಾಯಿತು. ಸ್ವತಂತ್ರ ಪಕ್ಷ ಮತ್ತು ಜನಸಂಘದ ಬೆಂಬಲದಿಂದ ಸಿ.ಡಿ. ದೇಶಮುಖ್ ಮೂರನೆಯ ಮುಖ್ಯ ಅಭ್ಯರ್ಥಿಯಾದರು. ರಿಸರ್ವ್ ಬ್ಯಾಂಕಿಗೆ ಗವರ್ನರ್ ಆದ ಮೊದಲ ಭಾರತೀಯ, ಮುಂದೆ ಹಣಕಾಸು ಮಂತ್ರಿಯಾಗಿದ್ದವರು. ಒಟ್ಟು 15 ಜನ ಕಣದಲ್ಲಿದ್ದರು. ಅದೇ ದಿನಗಳಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಿದ್ದ. ಅಮ್ಮ ಹೇಳುತ್ತಿದ್ದಳು: ‘ಎಲ್ಲರ ಮನೆಯಲ್ಲೂ ಚಂದ್ರನ ಮಾತು, ನಮ್ಮ ಜಗಲಿಯಲ್ಲಿ ಮಾತ್ರ ಗಿರಿ, ರೆಡ್ಡಿ, ಗಿರಿ, ರೆಡ್ಡಿ.’

ಚಳ್ಳಕೆರೆಯವರಿಗೆ ಇಬ್ಬರೂ ದೂರದವರಾಗಿರಲಿಲ್ಲ. ಸಂಜೀವ ರೆಡ್ಡಿಯವರ ಊರು ಇಲ್ಲೂರು ನಮ್ಮ ಗಡಿಯಾಚೆಯ ಅನಂತಪುರ ಜಿಲ್ಲೆಯಲ್ಲಿದೆ. ನಮ್ಮೂರ ಅರ್ಧ ಸಂಬಂಧಗಳು ಆ ಕಡೆಯವೇ. ಗಿರಿಯವರಂತೂ 1965ರಿಂದ 1967ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಆಗ ಮುಖ್ಯಮಂತ್ರಿಯಾಗಿದ್ದವರು ಇದೇ ನಿಜಲಿಂಗಪ್ಪನವರು. ಒಂದೇ ರಾಜ್ಯದಲ್ಲಿ ರಾಜ್ಯಪಾಲ, ಮುಖ್ಯಮಂತ್ರಿಯಾಗಿ ಇದ್ದ ಇಬ್ಬರು ಈಗ ಎದುರುಬದುರಾಗಿದ್ದರು.

ಅಪ್ಪ ರೆಡ್ಡಿಯವರ ಪರ ಎನ್ನುವುದಕ್ಕಿಂತ ನಿಜಲಿಂಗಪ್ಪನವರ ಪರ. ಏಕೀಕರಣಕ್ಕಾಗಿ ದುಡಿದವರು, ಒಂದಾದ ರಾಜ್ಯದ ಮೊದಲ ಮುಖ್ಯಮಂತ್ರಿ, ನಮ್ಮ ದುರ್ಗದಲ್ಲಿ ವಕೀಲಿ ಮಾಡಿದವರು ಎಂಬ ಅಭಿಮಾನ. ಅದಕ್ಕಿಂತ ಹೆಚ್ಚಾಗಿ, ಅಪ್ಪನಿಗೆ ಕೊಟ್ಟ ಮಾತು ಎಂದರೆ ಕೊಟ್ಟ ಮಾತು. ರೆಡ್ಡಿಯವರ ನಾಮಪತ್ರಕ್ಕೆ ಇಂದಿರಾ ಗಾಂಧಿಯವರೇ ಸಹಿ ಹಾಕಿದ್ದರು. ‘ಸಹಿ ಹಾಕಿದ ಕೈಯೇ ಬೇರೆಯವರ ಹೆಸರಿನ ಮುಂದೆ ಒಂದು ಎಂದು ಬರೆಯಬಹುದೇನಯ್ಯಾ?’ ಎಂದು ಅಪ್ಪ ಕೇಳುತ್ತಿದ್ದರಂತೆ. ‘ಸಹಿ ಹಾಕಿಸಿದ್ದು ಪಕ್ಷ. ವೋಟು ಹಾಕೋಳು ಅವಳಲ್ವೇನೋ’ ಎಂದು ಕಂಬಳಿ ಮಾಮ.

ಮಾಮನ ವಾದಕ್ಕೆ ಒಂದು ಕಾರಣವಿತ್ತು. ಉಣ್ಣೆ ಕೊಳ್ಳಲು ಪ್ರತಿವರ್ಷ ಸಾಹುಕಾರರ ಹತ್ತಿರ ಬಡ್ಡಿಗೆ ಹಣ ತರಬೇಕು. ಕುರಿ ಕತ್ತರಿಸುವ ಕಾಲಕ್ಕೆ ಕೈಯಲ್ಲಿ ದುಡ್ಡಿಲ್ಲದಿದ್ದರೆ ಆ ವರ್ಷದ ಮಗ್ಗ ನಿಂತಂತೆಯೇ. ಒಮ್ಮೆ ಧೈರ್ಯ ಮಾಡಿ, ಒಗೆದ ಪಂಚೆ ಉಟ್ಟು, ಪೇಟೆಯ ಒಂದು ಬ್ಯಾಂಕಿಗೆ ಸಾಲ ಕೇಳಲು ಹೋಗಿದ್ದರಂತೆ. ಜವಾನನೇ ಬಾಗಿಲಲ್ಲಿ ತಡೆದು, ಯಾರ ಚೀಟಿ ತಂದಿದ್ದೀಯ ಎಂದು ಕೇಳಿ ವಾಪಸು ಕಳಿಸಿದ. ಬ್ಯಾಂಕುಗಳು ಸರ್ಕಾರದ್ದಾದವು ಎಂದು ರೇಡಿಯೋ ಹೇಳಿದ ರಾತ್ರಿ ಮಾಮ ನಮ್ಮ ಮನೆಗೆ ಬೆಲ್ಲ, ಪುಟಾಣಿ ಹಿಡಿದುಕೊಂಡು ಬಂದರು. ಸಹಿ ಹಾಕಿದ ಗಿರಿ ಅವರ ಪಾಲಿಗೆ ಅಂದೇ ರಾಷ್ಟ್ರಪತಿ.

ಮತದಾನ ಆಗಸ್ಟ್ 16ಕ್ಕೆ. ದಿನ ಹತ್ತಿರವಾದಂತೆ ಎರಡು ಸಂಗತಿಗಳು ಜಗಲಿಯನ್ನು ಕಾಯಿಸಿದವು. ಒಂದು, ನಿಜಲಿಂಗಪ್ಪನವರು ಸ್ವತಂತ್ರ ಪಕ್ಷ ಮತ್ತು ಜನಸಂಘದ ನಾಯಕರನ್ನು ಕಂಡು, ನಿಮ್ಮವರ ಎರಡನೆಯ ಪ್ರಾಶಸ್ತ್ಯದ ಮತ ರೆಡ್ಡಿಯವರಿಗೆ ಇರಲಿ ಎಂದು ಕೇಳಿಕೊಂಡದ್ದು. ಎರಡು, ಅದನ್ನೇ ಮುಂದೆ ಮಾಡಿ ಪ್ರಧಾನಿಯವರ ಕಡೆಯವರು ಪಕ್ಷದ ಸದಸ್ಯರಿಗೆ ವಿಪ್ ಕೊಡಲು ಒಪ್ಪದೆ, ಆತ್ಮಸಾಕ್ಷಿಗೆ ತಕ್ಕಂತೆ ಮತ ನೀಡಿ ಎಂದು ಕರೆಕೊಟ್ಟದ್ದು.

‘ಎದುರು ಪಕ್ಷದವರ ಮನೆ ಬಾಗಿಲಿಗೆ ಹೋಗುವುದು ಶಿಸ್ತೇನೋ?’ ಎಂದು ಮಾಮ. ‘ಕಾನೂನೇ ಎರಡನೆಯ ವೋಟು ಇಟ್ಟಿರುವಾಗ ಕೇಳಿದರೆ ತಪ್ಪೇನು? ತನ್ನ ಅಭ್ಯರ್ಥಿಯನ್ನು ತಾನೇ ಸೋಲಿಸುವುದಕ್ಕಿಂತ ಅದು ವಾಸಿ’ ಎಂದು ಅಪ್ಪ. ಮತದಾನದ ಹಿಂದಿನ ಸಂಜೆ ಅಪ್ಪನ ಬಾಯಿಂದ ಒಂದು ಮಾತು ಜಾರಿತು. ‘ಬ್ಯಾಂಕಿನ ಸಾಲದ ಆಸೆಗೆ ಆತ್ಮಸಾಕ್ಷಿ ಅಂತ ಹೆಸರಿಡಬೇಡ.’ ಮಾಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ತಿಂಗಳಿಗೆ ಸರಿಯಾಗಿ ಸಂಬಳ ಬರೋನಿಗೆ ಶಿಸ್ತು ಸುಲಭ ಕಣಯ್ಯ’ ಎಂದರಂತೆ. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, ಟ್ರಾನ್ಸಿಸ್ಟರು ಎತ್ತಿಕೊಂಡು ಇಳಿದು ಹೋದರು. ಒಲೆಯ ಮೇಲೆ ಕಾಫಿ ಕುದಿಯುತ್ತಲೇ ಇತ್ತು ಎಂದು ಅಮ್ಮ ಪ್ರತಿಸಲವೂ ಮರೆಯದೆ ಹೇಳುತ್ತಿದ್ದಳು.

ಆಗಸ್ಟ್ 20ರಂದು ಎಣಿಕೆ. ಈ ಲೆಕ್ಕವನ್ನು ನಾನು ಪ್ರತಿವರ್ಷ ಕರಿಹಲಗೆಯ ಮೇಲೆ ಬರೆಯುತ್ತೇನೆ. ಇಲ್ಲಿ ಒಬ್ಬ ಮತದಾರನ ಮತ ಒಂದು ಎಂದು ಎಣಿಸುವುದಿಲ್ಲ, ಅದಕ್ಕೊಂದು ಮೌಲ್ಯವಿದೆ. 1961ರ ಜನಗಣತಿಯ ಪ್ರಕಾರ ಮೈಸೂರು ರಾಜ್ಯದ ಜನಸಂಖ್ಯೆ 2,35,86,772. ಅದನ್ನು ವಿಧಾನಸಭೆಯ 216 ಸ್ಥಾನಗಳಿಂದ ಭಾಗಿಸಿ, ಬಂದದ್ದನ್ನು ಸಾವಿರದಿಂದ ಭಾಗಿಸಿದರೆ 109. ನಮ್ಮ ಒಬ್ಬ ಶಾಸಕರ ಮತದ ಮೌಲ್ಯ ಅದು. ಸಂಸದರದು ಆಗ 576. ಮತಪತ್ರದಲ್ಲಿ ಹೆಸರುಗಳ ಮುಂದೆ 1, 2, 3 ಎಂದು ಬರೆಯಬೇಕು. 1 ಬರೆಯದಿದ್ದರೆ ಮತ ಕುಲಗೆಟ್ಟಿತು. 2 ಬರೆಯುವುದು ಬಿಡುವುದು ಅವರವರ ಇಷ್ಟ. ಮೊದಲ ಸುತ್ತಿನಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ, ಕೆಳಗಿನವರನ್ನು ಒಬ್ಬೊಬ್ಬರಾಗಿ ತೆಗೆದು, ಅವರ ಚೀಟಿಗಳಲ್ಲಿ ಮುಂದಿನ ಅಂಕಿ ಯಾರಿಗಿದೆಯೋ ಅವರಿಗೆ ಸೇರಿಸುತ್ತಾರೆ.

ಅಂದು ಮೊದಲ ಪ್ರಾಶಸ್ತ್ಯದಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769. ಗೆಲ್ಲಲು ಬೇಕಾದದ್ದು 4,18,169. ಗಿರಿಯವರಿಗೆ 16,654 ಕಡಿಮೆ. ಕೆಳಗಿನವರ ಮತಗಳನ್ನು ಹಂಚಿದಾಗ ರೆಡ್ಡಿಯವರಿಗೆ 91,879 ಬಂದು ಸೇರಿತು, ಗಿರಿಯವರಿಗೆ 18,562 ಮಾತ್ರ. ಆದರೆ ಗಿರಿಯವರಿಗೆ ಬೇಕಾಗಿದ್ದದ್ದೂ ಅಷ್ಟೇ. ಕೊನೆಯ ಲೆಕ್ಕ ಗಿರಿ 4,20,077, ರೆಡ್ಡಿ 4,05,427. ಅಂತರ 14,650. ಮಕ್ಕಳ ಕೈಯಲ್ಲೇ ಭಾಗಾಕಾರ ಮಾಡಿಸುತ್ತೇನೆ. ಗಿರಿಯವರ ಹೆಸರಿನ ಮುಂದೆ 1 ಬರೆದ ಹದಿಮೂರು ಸಂಸದರು ಮನಸ್ಸು ಬದಲಿಸಿ ರೆಡ್ಡಿಯವರ ಮುಂದೆ ಬರೆದಿದ್ದರೆ ರೆಡ್ಡಿಯವರು ಮುಂದಾಗುತ್ತಿದ್ದರು. ಹದಿಮೂರು ಜನ ಎಂದರೆ ನಮ್ಮ ತರಗತಿಯ ಎರಡು ಬೆಂಚು!

ಕಂಬಳಿ ಮಾಮ ಅಂದು ತಮ್ಮ ಮನೆಯಲ್ಲಿ ರೇಡಿಯೋದ ಸದ್ದನ್ನು ಮೂರು ಮನೆಯಾಚೆಗೂ ಕೇಳುವಷ್ಟು ಏರಿಸಿದರು. ಅಪ್ಪ ಲಾಟೀನಿನ ಮುಂದೆ ಕೂತು ಕಿರುಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದರು. ತಲೆ ಎತ್ತಲಿಲ್ಲ. ಆ ಸಲ ಮಕ್ಕಳಿಗೆ ತುಂಬ ಕಡಿಮೆ ಅಂಕ ಬಂತು ಎಂದು ಅಮ್ಮ ನಗುತ್ತಿದ್ದಳು.

ಮುಂದಿನದು ಎಲ್ಲರಿಗೂ ಗೊತ್ತಿರುವುದೇ. ನವೆಂಬರ್ 12ರಂದು ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಹೊರಹಾಕಲಾಯಿತು, ಪಕ್ಷ ಎರಡಾಯಿತು. ನಮ್ಮ ರಾಜ್ಯದಲ್ಲಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ನಿಜಲಿಂಗಪ್ಪನವರ ಕಡೆ ಉಳಿದರು, ದೇವರಾಜ ಅರಸರು ಇಂದಿರಾ ಗಾಂಧಿಯವರ ಕಡೆ ಹೋದರು. 1972ರಲ್ಲಿ ಅರಸರು ಮುಖ್ಯಮಂತ್ರಿಯಾದರು. ಗಿರಿಯವರ ಆಯ್ಕೆಯ ಮೇಲೆ ಸುಪ್ರೀಂ ಕೋರ್ಟಿನಲ್ಲಿ ಅರ್ಜಿ ಬಿದ್ದು, ಅಧಿಕಾರದಲ್ಲಿದ್ದ ರಾಷ್ಟ್ರಪತಿಯೇ ಬಂದು ಸಾಕ್ಷಿ ಹೇಳಿದರು. 1970ರಲ್ಲಿ ಅರ್ಜಿ ವಜಾ ಆಯಿತು. ಹೀಗೆ ದೊಡ್ಡವರ ಲೆಕ್ಕಗಳೆಲ್ಲ ಒಂದೊಂದಾಗಿ ಚುಕ್ತಾ ಆದವು.

ಜಗಲಿಯ ಲೆಕ್ಕ ಮಾತ್ರ ಹಾಗೇ ಉಳಿಯಿತು. ನನ್ನ ತೊಟ್ಟಿಲ ಶಾಸ್ತ್ರಕ್ಕೆ ಕಂಬಳಿ ಮಾಮ ಬರಲಿಲ್ಲ. ಅದು ಹೋಗಲಿ. ಎರಡು ವರ್ಷದ ಮೇಲೆ ಮಾಮನ ತಾಯಿ ತೀರಿಕೊಂಡರು. ಅಪ್ಪ ಚಿಕ್ಕಂದಿನಲ್ಲಿ ತಾಯಿ ಇಲ್ಲದೆ ಬೆಳೆದವರು. ಆ ಅಜ್ಜಿಯ ಕೈಯ ರಾಗಿ ಮುದ್ದೆ ತಿಂದು ಶಾಲೆಗೆ ಹೋದವರು. ಅಂದು ಅಪ್ಪ ಚಪ್ಪಲಿ ಮೆಟ್ಟಿ ಬಾಗಿಲವರೆಗೆ ಹೋದರು, ನಿಂತರು, ಮತ್ತೆ ಬಂದು ಕೂತರು. ‘ಹೋಗಿಬನ್ನಿ ಅಂದ್ರೆ’ ಎಂದು ಅಮ್ಮ ಮೂರು ಸಲ ಹೇಳಿದಳಂತೆ. ಮೂರು ಮನೆ ದಾಟಲು ಅಪ್ಪನಿಗೆ ಆಗಲಿಲ್ಲ. ಆ ಚುನಾವಣೆಯಲ್ಲಿ ಯಾರು ಗೆದ್ದರೂ ಸೋತರೂ ಅಪ್ಪನಿಗೆ ಕೊನೆಯವರೆಗೆ ಉಳಿದ ನೋವು ಅದೊಂದೇ.

ಇನ್ನು ಮುಂದಿನದು ನಾನು ಕಣ್ಣಾರೆ ಕಂಡದ್ದು. 1977ರ ಜುಲೈ. ನನಗೆ ಏಳು ವರ್ಷ. ತುರ್ತು ಪರಿಸ್ಥಿತಿ ಮುಗಿದು ಜನತಾ ಸರ್ಕಾರ ಬಂದಿತ್ತು. ಅಧಿಕಾರದಲ್ಲಿದ್ದಾಗಲೇ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡದ್ದರಿಂದ ಉಪರಾಷ್ಟ್ರಪತಿಯಾಗಿದ್ದ ನಮ್ಮ ಬಿ.ಡಿ. ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾಗಿದ್ದರು. ಆ ಸಲದ ಚುನಾವಣೆಯಲ್ಲಿ ಉಳಿದ ನಾಮಪತ್ರಗಳೆಲ್ಲ ತಿರಸ್ಕೃತವಾಗಿ ಸಂಜೀವ ರೆಡ್ಡಿಯವರು ಅವಿರೋಧವಾಗಿ ಆಯ್ಕೆಯಾದರು. ಸಂಜೆ ದಪ್ಪ ಮೀಸೆಯವರೊಬ್ಬರು ನಮ್ಮ ಜಗಲಿಯ ಕೆಳಗೆ ಬಂದು ನಿಂತರು. ಬೀದಿಯಲ್ಲಿ ದಿನವೂ ನೋಡುತ್ತಿದ್ದೆ. ಆದರೆ ನಮ್ಮ ಮನೆಗೆ ಬಂದದ್ದನ್ನು ನೋಡಿರಲಿಲ್ಲ.

‘ನಿನ್ನ ರೆಡ್ಡಿ ಗೆದ್ದ ಕಣೋ’ ಎಂದರು.

ಅಪ್ಪ ಪತ್ರಿಕೆ ಮಡಿಸಿ, ‘ವೋಟೇ ನಡೀಲಿಲ್ಲವಲ್ಲ, ಗೆಲುವೆಲ್ಲಿ ಬಂತು? ಮೇಲೆ ಬಾ’ ಎಂದರು.

ಕಂಬಳಿ ಮಾಮ ಹತ್ತಿ ಬಂದು ಕೂತರು. ಅಪ್ಪ ಬ್ಯಾಂಕಿನ ಸಾಲದ ವಿಷಯ ಕೇಳಿದರು. ಸಾಲ ಬಂದಿತ್ತು. ಮೂರು ವರ್ಷ ಓಡಾಡಿಸಿ ಕೊಟ್ಟಿದ್ದರು. ‘ಆದರೂ ಬಾಗಿಲಲ್ಲಿ ಯಾರೂ ತಡೀಲಿಲ್ಲ ಕಣಯ್ಯ, ಒಳಗೆ ಕೂರಿಸಿ ಓಡಾಡಿಸಿದರು’ ಎಂದು ನಕ್ಕರು. ಆಮೇಲೆ ಅಪ್ಪ ಅಜ್ಜಿಯ ಹೆಸರು ಎತ್ತಿದರು. ಮುಂದಿನ ಮಾತು ಬರಲಿಲ್ಲ. ಮಾಮ, ‘ಅವಳು ಕೊನೆಗೆ ನಿನ್ನ ಕೇಳಿದಳು. ಸ್ಕೂಲಿಗೆ ಹೋಗಿದಾನೆ ಅಂದೆ’ ಎಂದರು. ಅಪ್ಪ ಅಳುವುದನ್ನು ನಾನು ಅಂದೇ ಮೊದಲು ನೋಡಿದ್ದು. ಹೋಗುವಾಗ ಮಾಮ ಕಂಕುಳಿಂದ ಒಂದು ಸಣ್ಣ ಕಂಬಳಿ ತೆಗೆದು ಅಮ್ಮನ ಕೈಗೆ ಕೊಟ್ಟರು. ನನ್ನ ತೊಟ್ಟಿಲಿಗೆಂದು ನೇಯಿಸಿ ಇಟ್ಟದ್ದು. ಎರಡು ಕಡೆ ಹುಳ ತಿಂದಿತ್ತು. ನನ್ನ ಮೊಣಕಾಲಿನವರೆಗೂ ಬರುತ್ತಿರಲಿಲ್ಲ.

ಆತ್ಮಸಾಕ್ಷಿ ಎಂಬ ಮಾತನ್ನು ನಾನು ತರಗತಿಯಲ್ಲಿ ಎಚ್ಚರದಿಂದ ಬಳಸುತ್ತೇನೆ. 1969ರಲ್ಲಿ ಆ ಮಾತು ಹೇಳಿದವರಿಗೆ ಅದರಿಂದ ಲಾಭವಿತ್ತು. ಶಿಸ್ತು ಎಂದವರಿಗೂ ಲಾಭವಿತ್ತು. ಆದರೆ ಈ ಚುನಾವಣೆಯ ಮತದಾನ ಗುಟ್ಟಿನದು ಎಂಬುದು ಇಂದಿಗೂ ಉಳಿದಿದೆ. 1985ರಲ್ಲಿ ಪಕ್ಷಾಂತರ ನಿಷೇಧ ಕಾಯಿದೆ ಬಂದ ಮೇಲೂ ರಾಷ್ಟ್ರಪತಿ ಚುನಾವಣೆಗೆ ಪಕ್ಷಗಳು ವಿಪ್ ಕೊಡುವಂತಿಲ್ಲ. ಅಷ್ಟು ದೊಡ್ಡ ಸದ್ದುಗದ್ದಲದ ನಡುವೆ ಒಬ್ಬ ಮನುಷ್ಯ ಒಂದು ಚೀಟಿಯ ಮುಂದೆ ಒಬ್ಬನೇ ನಿಲ್ಲಲು ಜಾಗ ಬಿಟ್ಟಿದ್ದಾರೆ. ಅವನು ಅಲ್ಲಿ ಏನು ಬರೆದ ಎಂದು ನಾವು ಊಹಿಸಿ ಜಗಳವಾಡುತ್ತೇವೆ. ಅಪ್ಪನೂ ಮಾಮನೂ ತಮ್ಮ ತಮ್ಮ ಬದುಕು ಕಲಿಸಿದಂತೆ ಮಾತಾಡಿದ್ದರು. ಒಬ್ಬರಿಗೆ ಕೊಟ್ಟ ಮಾತು ದೊಡ್ಡದು, ಇನ್ನೊಬ್ಬರಿಗೆ ಬ್ಯಾಂಕಿನ ಬಾಗಿಲು ದೊಡ್ಡದು. ಎರಡೂ ಸುಳ್ಳಲ್ಲ. ಎದುರಿನವನದು ಆತ್ಮಸಾಕ್ಷಿಯೇ ಅಲ್ಲ, ಆಸೆ ಎಂದು ಒಬ್ಬರು, ಸೌಕರ್ಯ ಎಂದು ಇನ್ನೊಬ್ಬರು ಅಂದ ಗಳಿಗೆಯಲ್ಲಿ ಮಾತು ಕೆಟ್ಟಿತು.

ನಿಜಲಿಂಗಪ್ಪನವರು 2000ದ ಆಗಸ್ಟ್ 8ರಂದು ಚಿತ್ರದುರ್ಗದಲ್ಲಿ ತೀರಿಕೊಂಡರು. ಅಪ್ಪ ಮತ್ತು ಕಂಬಳಿ ಮಾಮ ಒಂದೇ ಬಸ್ಸಿನಲ್ಲಿ ಹೋಗಿ ದರ್ಶನ ಮಾಡಿ ಬಂದರು. ಬರುವಾಗ ಬಸ್ಸಿನಲ್ಲಿ ಮತ್ತೆ ಗಿರಿ, ರೆಡ್ಡಿ ಎಂದು ವಾದ ಮಾಡಿದರಂತೆ. ಈಗ ಇಬ್ಬರೂ ಇಲ್ಲ.

2022ರ ಜುಲೈ 21ರಂದು ದ್ರೌಪದಿ ಮುರ್ಮು ಅವರು 6,76,803 ಮತಮೌಲ್ಯದಿಂದ ಗೆದ್ದರು. ಸಿನ್ಹಾ ಅವರಿಗೆ 3,80,177. ಮಾರನೆಯ ದಿನ ನಾನು ಗ್ರಂಥಾಲಯಕ್ಕೆ ಹೋಗಿ ಹಿಂದಿ ಮೇಡಂ ಎದುರಿಗೆ ಕೂತು, ಚಪ್ಪಲಿ ಮೆಟ್ಟಿ ಬಾಗಿಲವರೆಗೆ ಹೋಗಿ ತಿರುಗಿ ಬಂದ ನನ್ನ ಅಪ್ಪನ ಕಥೆಯನ್ನು ಹೇಳಿದೆ. ಅವರು ಏನೂ ಅನ್ನಲಿಲ್ಲ. ಡಬ್ಬಿ ಮುಚ್ಚಿಕೊಂಡು ನನ್ನ ಜೊತೆ ಎದ್ದು ಬಂದರು. ಗಣಿತದ ಮೇಡಂ ತಮ್ಮ ಡಬ್ಬಿಯನ್ನು ಸುಮ್ಮನೆ ಅವರ ಕಡೆ ಸರಿಸಿದರು. ಬದನೆಕಾಯಿ ಪಲ್ಯ.

ಈಗ ನನ್ನ ತರಗತಿಯಲ್ಲಿ ನಾಯಕನ ಚುನಾವಣೆಯನ್ನು 1, 2, 3 ಎಂದು ಬರೆಸಿಯೇ ಮಾಡುತ್ತೇನೆ. ಕಳೆದ ಸಲ ಒಬ್ಬ ಹುಡುಗಿ ಎದ್ದು, ‘ಮಿಸ್, ಎರಡನೇದು ಬರೀಲೇಬೇಕಾ?’ ಎಂದಳು. ಬರೆಯಲೇಬೇಕೆಂಬ ಕಾನೂನು ಇಲ್ಲ ಎಂದೆ. ಅವಳು ಪೆನ್ನಿನ ತುದಿ ಕಚ್ಚುತ್ತಾ, ಬೆಳಿಗ್ಗೆಯಷ್ಟೇ ಜಗಳವಾಡಿದ್ದ ಗೆಳತಿಯ ಕಡೆ ಒಮ್ಮೆ ನೋಡಿ, ತಲೆ ಬಗ್ಗಿಸಿ ಏನೋ ಬರೆದಳು. ಏನೆಂದು ನಾನು ನೋಡಲಿಲ್ಲ.